ಸತ್ತವನ ಕಿರುಬೆರಳು

ಮನೆಯಿಂದ, ಕಿಟಕಿ ಪಕ್ಕದ ಮೇಜು
ಭಾನುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಗುಬ್ಬಿಗೆ,

ಹೇಗಿದ್ದೀಯಾ? ಕಾಲುನೋವು ಕಡಿಮೆಯಾಯಿತಾ? ಇಡೀ ದಿನ ವಾರ್ಡಿನಲ್ಲಿ ನಿಂತೇ ಇರುವವಳು ಮಲಗುವ ಮುಂಚೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರಬೇಕು ಅಂತ ಬರೆಯಲು ನಿನ್ನಮ್ಮ ಹೇಳಿದಳು. ನರ್ಸಿಗೆ ನಾವು ಔಷಧಿ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ ಅಂದೆ. ಬರೀರಿ ಸುಮ್ನೆ ಅಂದಳು. ಬರೆದಿದ್ದೇನೆ. ಇಲ್ಲಿ ನಾವು ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಅವಳು ಬೆನ್ನ ಹಿಂದೆಯೇ ನಿಂತು ಓದುತ್ತಿರುವುದರಿಂದ ನಿಜ ಬರೆಯಬೇಕಾಗಿದೆ. ಹೋದ ವಾರ ಶೂಟಿಂಗಿನಲ್ಲಿ ಬಿದ್ದೆ. ಬೀಳುವುದೇ ಕೆಲಸವಾಗಿರುವವನು ಬಿದ್ದದ್ದು ಸುದ್ದಿಯಲ್ಲ, ಆದರೆ ಈ ಸಲ ಬೇಕೆಂದು ಬೀಳಲಿಲ್ಲ. ಎದೆಯ ಆಪರೇಷನ್ ಆಗಲೇಬೇಕು ಅನ್ನುತ್ತಾರೆ ಡಾಕ್ಟರು. ನಾನಿನ್ನೂ ಹೂಂ ಅಂದಿಲ್ಲ. ಹೆದರಿಕೆಯಾಗಿದೆ, ಅಷ್ಟೇ. ಇದನ್ನು ನಿನಗೆ ತಿಳಿಸಬೇಕಂತೆ, ಆದರೆ ಬಾ ಎನ್ನಬಾರದಂತೆ. ಅಲ್ಲಿ ಅಷ್ಟೊಂದು ಜನ ಗಾಯಾಳುಗಳನ್ನು ಬಿಟ್ಟು ಅವಳು ಹ್ಯಾಗೆ ಬರ್ತಾಳೆ, ಸಂಕಟಕ್ಕೆ ಹಾಕಬೇಡಿ ಅನ್ನುತ್ತಾಳೆ ನಿನ್ನಮ್ಮ. ಸರಿ, ಎನ್ನುವುದಿಲ್ಲ. ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ.

ಶನಿವಾರ ಸಂಜೆ ವಾರ್ಡಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸುತ್ತೀರಿ, ಮಲಗಿರುವ ಸೈನಿಕರು ಯುದ್ಧದ ಸಿನಿಮಾನೇ ಬೇಕು ಅಂತಾರೆ, ಆಮೇಲೆ ನಗಬಾರದ ಕಡೆಯೆಲ್ಲ ನಗುತ್ತಾರೆ ಎಂದು ನೀನು ಬರೆದಿದ್ದೆ. "ಒಳ್ಳೇದು ಯಾವುದು ಅಂತ ಹೇಳಪ್ಪ, ನಿನ್ನಷ್ಟು ಸಲ ಸತ್ತೋರು ಬೇರೆ ಯಾರಿದ್ದಾರೆ" ಅಂತಲೂ ಬರೆದಿದ್ದೆ. ನಿನ್ನಮ್ಮನಿಗೆ ಆ ಸಾಲು ಹಿಡಿಸಲಿಲ್ಲ. ನನಗೆ ಹಿಡಿಸಿತು. ಮೂವತ್ತು ವರ್ಷ ಪರದೆಯ ಮೇಲೆ ಸತ್ತು ಸಂಸಾರ ಸಾಕಿದವನಿಗೆ ಯಾರೂ ಇಷ್ಟು ಮರ್ಯಾದೆಯಿಂದ ಅಭಿಪ್ರಾಯ ಕೇಳಿರಲಿಲ್ಲ. ಸ್ಟುಡಿಯೋದಲ್ಲಿ ನನ್ನನ್ನು ಹೆಣದ ಮೇಷ್ಟ್ರು ಅನ್ನುತ್ತಾರೆ. ಹೊಸಬರಿಗೆ ಬೀಳುವುದನ್ನು ಕಲಿಸುವವನು ನಾನೇ. ಆದರೂ ಯಾವ ಸಿನಿಮಾ ಒಳ್ಳೆಯದು ಅಂತ ಹೆಣವನ್ನು ಯಾರು ಕೇಳುತ್ತಾರೆ?

ಯಾವುದು ಬೇಡ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಗುಂಡು ತಿಂದವನು ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು ಅಮ್ಮನಿಗೊಂದು, ದೇಶಕ್ಕೊಂದು, ಮದುವೆಯಾಗಬೇಕಿದ್ದ ಹುಡುಗಿಗೊಂದು ಭಾಷಣ ಮಾಡಿ ಆಮೇಲೆ ಸಾಯುವ ಸಿನಿಮಾ ಬೇಡ. ನಮ್ಮ ಮನೆಯಲ್ಲಿ ಒಲೆ ಉರಿದದ್ದು ಅಂಥವುಗಳಿಂದಲೇ, ಅಪ್ಪ ಉಂಡ ಮನೆಗೆ ಎರಡು ಬಗೆಯುತ್ತಿದ್ದಾನೆ ಅಂದುಕೊಳ್ಳಬೇಡ. ನಾಯಕನ ಭಾಷಣ ಮುಗಿಯುವವರೆಗೆ ಅವನ ಹಿಂದೆ ಹೆಣವಾಗಿ ಮಲಗಿರುವವನ ಕಷ್ಟ ನನಗೆ ಗೊತ್ತು. ರಕ್ತ ಅಂತ ನಮಗೆ ಬಳಿಯುವುದು ಸಕ್ಕರೆ ಪಾಕ. ಮಾತು ಉದ್ದವಾದಷ್ಟೂ ಇರುವೆ ಜಾಸ್ತಿ. ಇನ್ನು ಕೆಲವು ಸಿನಿಮಾಗಳಲ್ಲಿ ಜನ ಸಾಲದೆ, ನಾವು ಬೆಳಿಗ್ಗೆ ನಮ್ಮ ಕಡೆಯವರು, ಊಟವಾದ ಮೇಲೆ ಟೋಪಿ ಬದಲಿಸಿ ಶತ್ರುಗಳು. ಒಂದರಲ್ಲಿ ನಾನು ಬೆಳಿಗ್ಗೆ ಹಾರಿಸಿದ ಗುಂಡಿಗೆ ಮಧ್ಯಾಹ್ನ ನಾನೇ ಬಿದ್ದೆ. ನೋಡಿದವರಿಗೆ ಯಾರಿಗೂ ಗೊತ್ತಾಗಲಿಲ್ಲ. ಗುಂಡು ತಾಗಿದವನಿಗೊಂದು ಮುಖವಿದೆ ಅಂತ ತೋರಿಸದ ಸಿನಿಮಾದಲ್ಲಿ ಅದೆಲ್ಲ ನಡೆಯುತ್ತದೆ.

ನನಗೆ ಬಹಳ ಇಷ್ಟವಾದ ಒಂದು ಸಿನಿಮಾದಲ್ಲಿ ಯುದ್ಧವೇ ಇಲ್ಲ. ಒಂದು ತುಕಡಿ ಖಾಲಿ ಶಾಲೆಯಲ್ಲಿ ಆಜ್ಞೆಗಾಗಿ ಕಾಯುತ್ತದೆ. ದೊಡ್ಡ ದೊಡ್ಡ ಗಂಡಸರು ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕೂರುತ್ತಾರೆ. ಕಪ್ಪು ಹಲಗೆಯ ಮೇಲೆ ಯಾವುದೋ ಲೆಕ್ಕ ಅರ್ಧಕ್ಕೆ ನಿಂತಿರುತ್ತದೆ. ಒಬ್ಬ ಅದನ್ನು ಬಿಡಿಸುತ್ತಾನೆ, ಇನ್ನೊಬ್ಬ ತಪ್ಪು ಅನ್ನುತ್ತಾನೆ, ಅದಕ್ಕೇ ಕೈ ಕೈ ಮಿಲಾಯಿಸುತ್ತಾರೆ. ಗುಂಡಿನ ಸದ್ದು ಕೇಳುವುದು ಕೊನೆಯಲ್ಲಿ ಒಂದೇ ಸಲ, ಎಲ್ಲೋ ದೂರದಲ್ಲಿ. ಆಗ ಎಲ್ಲರೂ ತಲೆಯೆತ್ತುತ್ತಾರೆ, ಸಿನಿಮಾ ಮುಗಿಯುತ್ತದೆ. ನಾನು ಅದರಲ್ಲಿ ಸಾಯಲೇ ಇಲ್ಲ, ಬಾಗಿಲ ಹತ್ತಿರ ಒದ್ದೆ ಕಾಲುಚೀಲ ಹಿಂಡುತ್ತ ಕೂತಿದ್ದೇನೆ. ಒಂದು ವಾರವೂ ಓಡಲಿಲ್ಲ. ಆದರೆ ಆ ಕಾಯುವಿಕೆ ನಿಜವಾದದ್ದು. ಕಾದು ಗೊತ್ತಿರುವ ನಿನ್ನ ಹುಡುಗರು ಅದನ್ನು ಒಪ್ಪಿಯಾರು.

ಎಲ್ಲಕ್ಕಿಂತ ದೊಡ್ಡದು ಅಂದರೆ ಬೆಲ್ಟಿನ ಸಿನಿಮಾ. ಕನ್ನಡಕ ಒಡೆದುಹೋದ ಸೈನಿಕನೊಬ್ಬ ಕಣ್ಣು ಕಾಣದೆ, ಮುಂದೆ ನಡೆಯುವವನ ಬೆಲ್ಟು ಹಿಡಿದುಕೊಂಡು ಇಡೀ ಸಿನಿಮಾ ನಡೆಯುತ್ತಾನೆ. ಮುಂದೆ ನಡೆಯುವವನು ನಾನು, ನನಗೆ ಮಾತಿಲ್ಲ. ಹೊಲವೊಂದರ ನಡುವೆ ನಾನು ಬೀಳುತ್ತೇನೆ. ಹಿಂದಿನವನಿಗೆ ಏನಾಯಿತೆಂದು ತಿಳಿಯುವುದಿಲ್ಲ. ಬೆಲ್ಟು ಬಿಡದೆ ಪಕ್ಕದಲ್ಲೇ ಕೂತು, ಸುಸ್ತಾಯ್ತೇನೋ, ಆಯ್ತು, ಸ್ವಲ್ಪ ಕೂತೇ ಹೋಗೋಣ ಅನ್ನುತ್ತಾನೆ. ಕ್ಯಾಮೆರಾ ನನ್ನ ಮುಖದ ಕಡೆ ತಿರುಗುವುದೇ ಇಲ್ಲ, ಅವನ ಕೈ ನೋಡುತ್ತಿರುತ್ತದೆ. ಸತ್ತವನ ಪಾಲಿಗೆ ಸಾವು ಬೇಗ ಮುಗಿಯುತ್ತದೆ ಗುಬ್ಬಿ, ಬಿದ್ದು ಬಿದ್ದು ನನಗೆ ತಿಳಿದದ್ದು ಇಷ್ಟೇ. ಒಳ್ಳೆಯ ಯುದ್ಧದ ಸಿನಿಮಾ ಪಕ್ಕದಲ್ಲಿ ಉಳಿದವನನ್ನು ಬಿಟ್ಟು ಹೋಗುವುದಿಲ್ಲ. ಅದನ್ನು ತೋರಿಸು, ಆದರೆ ಮನೆಗೆ ಹೋಗುವ ದಿನ ಹತ್ತಿರವಾದವರಿಗೆ ಮಾತ್ರ.

ಆ ಸಿನಿಮಾದಲ್ಲೂ, ಅವನ ಕೈಯ ಪಕ್ಕ ಪರದೆಯ ಅಂಚಿನಲ್ಲಿ, ನನ್ನ ಕಿರುಬೆರಳು ಇದೆ, ಹುಡುಕಿಕೋ. ನಿನಗೆ ನಾಲ್ಕು ವರ್ಷವಿದ್ದಾಗ ಮೊದಲ ಸಲ ಟಾಕೀಸಿಗೆ ಕರೆದುಕೊಂಡು ಹೋಗಿದ್ದೆ. ಪರದೆಯ ಮೇಲೆ ನಾನು ಬಿದ್ದ ಕೂಡಲೇ ನೀನು ಕಿರುಚಿದ ರೀತಿಗೆ ದೀಪ ಹಾಕಬೇಕಾಯಿತು. ನಾನು ಇಲ್ಲೇ ಇದ್ದೀನಲ್ಲೇ, ನನ್ನ ತೊಡೆ ಮೇಲೇ ಕೂತಿದೀಯಲ್ಲ ಅಂದರೂ ಕೇಳಲಿಲ್ಲ. ನೀನು ಬೇರೆ ಅಪ್ಪ, ನನ್ನಪ್ಪ ಅಲ್ಲಿ ಬಿದ್ದಿದ್ದಾನೆ ಅಂದೆ. ಅವತ್ತಿನಿಂದ ನಮ್ಮಿಬ್ಬರ ಒಪ್ಪಂದ, ಎಲ್ಲಿ ಬಿದ್ದರೂ ಎಡಗೈ ಕಿರುಬೆರಳನ್ನು ಒಂದು ಸಲ ಅಲ್ಲಾಡಿಸುತ್ತೇನೆ, ಅಲ್ಲಾಡಿತೆಂದರೆ ಅಪ್ಪ ಬದುಕಿದ್ದಾನೆ ಅಂತ ಅರ್ಥ. ಎಷ್ಟು ನಿರ್ದೇಶಕರು ಬೈದರು! ಬೈಸಿಕೊಂಡು ಎದ್ದು ಮತ್ತೆ ಬಿದ್ದೆ, ಮತ್ತೆ ಅಲ್ಲಾಡಿಸಿದೆ. ನೀನು ದೊಡ್ಡವಳಾಗಿ ಸಿನಿಮಾ ನೋಡುವುದನ್ನು ಬಿಟ್ಟ ಮೇಲೂ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಿದ್ದಳು ನಿನ್ನಮ್ಮ.

ಹೋದ ವಾರದ್ದು ಮರಳಿನ ಮೂಟೆಗಳ ಮುಂದಿನ ಒಂದು ಶಾಟ್. ನಾನು ಓಡಿ ಬರಬೇಕು, ಗುಂಡಿನ ಸದ್ದಿಗೆಂದು ಇಟ್ಟ ಪಟಾಕಿ ಸಿಡಿಯಬೇಕು, ಬೀಳಬೇಕು. ಪಟಾಕಿ ಸಿಡಿಯುವ ಮೊದಲೇ ಬಿದ್ದೆ. ನಿರ್ದೇಶಕರು ಕುರ್ಚಿ ಬಿಟ್ಟು ಎದ್ದು ನಿಂತರಂತೆ. ನೋಡ್ರೋ, ಗುಂಡು ಬಂದ್ಮೇಲೆ ಸದ್ದು ಬರೋದು ಅಂತ ಮೇಷ್ಟ್ರಿಗೊಬ್ಬರಿಗೇ ಗೊತ್ತಿರೋದು, ಇದು ಅವರ ಜೀವಮಾನದ ಸಾವು ಅಂದರಂತೆ. ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಹೋದರು. ಪಕ್ಕದಲ್ಲಿ ಹೆಣವಾಗಿ ಮಲಗಿದ್ದವನು ನಮ್ಮ ಸೊಟ್ಟಮೂಗಿನ ಮಾಮ. ಇಪ್ಪತ್ತು ವರ್ಷದಿಂದ ನನ್ನ ಜೊತೆ ಸತ್ತವನಿಗೆ ಬೆರಳಿನ ವಿಷಯ ತಿಳಿಯದೆ ಇರುತ್ತದೆಯೇ? ಶಾಟ್ ಮುಗಿದರೂ ಅವನು ಏಳದೆ ನನ್ನ ಕೈಯನ್ನೇ ನೋಡಿಕೊಂಡು ಮಲಗಿದ್ದನಂತೆ. ಬೆರಳು ಅಲ್ಲಾಡಲಿಲ್ಲ. ಆಗ ಎದ್ದು ಕೂಗಿಕೊಂಡ. ಮೈತುಂಬ ಪಾಕ ಬಳಿದುಕೊಂಡು ಅವನೂ ಆಂಬುಲೆನ್ಸ್ ಹತ್ತಿದ್ದಕ್ಕೆ ಆಸ್ಪತ್ರೆಯವರು ಮೊದಲು ಅವನನ್ನೇ ಸ್ಟ್ರೆಚರಿಗೆ ಹಾಕಿದರು. ನಾನೀಗ ಚೆನ್ನಾಗಿ ಉಣ್ಣುತ್ತಿದ್ದೇನೆ, ಓಡಾಡುತ್ತಿದ್ದೇನೆ, ಅಂಥದ್ದೇನೂ ಆಗಿಲ್ಲ ಅಂದರೆ ನಿನ್ನಮ್ಮ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಮುಖ ತಿರುಗಿಸುತ್ತಾಳೆ. ನಿರ್ದೇಶಕರು ನೋಡಲು ಬಂದಿದ್ದರು. ಹೊರಡುವ ಮುಂಚೆ, ಆ ಶಾಟ್ ಇಟ್ಕೊಳ್ಲಾ ಮೇಷ್ಟ್ರೇ ಅಂತ ಕೇಳಿದರು. ಇಟ್ಕೊಳ್ಳಿ ಅಂದೆ. ಅಷ್ಟು ಚೆನ್ನಾಗಿ ಇನ್ನೊಮ್ಮೆ ಬೀಳಲು ನನ್ನಿಂದ ಆಗುವುದಿಲ್ಲ. ಮುಂದೆ ಎಂದಾದರೂ ನಿಮ್ಮ ಗೋಡೆಗೆ ಆ ಸಿನಿಮಾ ಬಂದರೆ ನೀನು ಮಾತ್ರ ಅದನ್ನು ನೋಡಬೇಡ.

ವೇಳೆಗೆ ಸರಿಯಾಗಿ ಊಟ ಮಾಡು. ನಿನ್ನ ವಾರ್ಡಿನ ಹುಡುಗರಿಗೆಲ್ಲ ಈ ಹೆಣದ ಮೇಷ್ಟ್ರ ಆಶೀರ್ವಾದ, ಬೇಗ ಎದ್ದು ಓಡಾಡಲಿ. ನಿನ್ನಮ್ಮ ಇಷ್ಟನ್ನೂ ಓದಿ, ಬಾ ಅಂತ ಎಲ್ಲೂ ಬರೆದಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಾಳೆ.

ಇಂತಿ ಪ್ರೀತಿಯಿಂದ,
ನಿನ್ನ ಅಪ್ಪ

ಮರೆತ ಮಾತು: ಯಾರೋ ಬಾಗಿಲು ತಟ್ಟಿದರು, ನಿನ್ನಮ್ಮ ಆ ಕಡೆ ಹೋದಳು, ಬೇಗ ಬೇಗ ಬರೆಯುತ್ತಿದ್ದೇನೆ. ಹೇಗೆ ಬೀಳಬೇಕೆಂದು ಎಲ್ಲರಿಗೂ ಕಲಿಸಿದೆ, ಆದರೆ ಮತ್ತಿನ ಔಷಧಿ ಕೊಟ್ಟು ಮಲಗಿಸಿದ ಮೇಲೆ ಹೇಗೆ ಏಳಬೇಕೆಂದು ನನಗೆ ಗೊತ್ತಿಲ್ಲ. ನೀನು ಪಕ್ಕದಲ್ಲಿರುತ್ತೀ ಅಂದರೆ ಡಾಕ್ಟರಿಗೆ ಹೂಂ ಅನ್ನುತ್ತೇನೆ. ನಿನ್ನಮ್ಮ ನನ್ನ ಮುಖ ನೋಡುತ್ತಾಳೆ, ಡಾಕ್ಟರು ಯಂತ್ರ ನೋಡುತ್ತಾರೆ. ನೀನು ಎಡಗೈ ನೋಡು, ಕಿರುಬೆರಳನ್ನೇ ಮೊದಲು ಅಲ್ಲಾಡಿಸುತ್ತೇನೆ. ಬಾ.