ಯಾರೂ ಹೊಡೆಯದ ಶಾಲೆ

ಶಾಲೆಗಳಲ್ಲಿ ಕಿರುಕುಳ ಅಳೆಯುವ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳು ಧನಲಕ್ಷ್ಮಿಯನ್ನು ವರ್ಷದ ಮಧ್ಯದಲ್ಲಿ ಬೇರೆ ಶಾಲೆಗೆ ಸೇರಿಸಲು ಅನುಮತಿ ಕೇಳಿದರೆ, ‘ಸಮೀಕ್ಷೆಯ ಪ್ರಕಾರ ಸದರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಿರುಕುಳ ಶೂನ್ಯ’ ಎಂದು ಉತ್ತರ ಬರೆದಿದ್ದೀರಿ. ಭಲೇ! ಅಳತೆ ಮಾಡಿದಿರಿ, ಅಳು ಮಾತ್ರ ನಿಮಗೆ ಕಾಣಲಿಲ್ಲ.

ನೀವು ಅಳೆದ ವೈಭವ ನನಗೆ ಗೊತ್ತು. ಗಂಡುಮಕ್ಕಳ ಶಾಲೆಯಲ್ಲಿ ನಿಂತು, “ಯಾರ್ಯಾರಿಗೆ ಏಟು ಬೀಳತ್ತೆ? ಕೈ ಎತ್ತಿ” ಅಂದಿರಿ. ಕೈಗಳ ಕಾಡೇ ಎದ್ದಿತು. ನನ್ನ ಮೊಮ್ಮಗ ದೀಪಕ್ ಎರಡೂ ಕೈ ಎತ್ತಿದ. ಅವನ ಹಲ್ಲು ಮುರಿದವನೂ ಪಕ್ಕದಲ್ಲೇ ಕೈ ಎತ್ತಿದ್ದ. ಸಂಜೆ ಇಬ್ಬರೂ ಬೇಕರಿ ಮುಂದೆ ಒಂದೇ ಖಾರಾ ಬನ್ ಹರಿದು ತಿಂದರು. ಹಲ್ಲಿದ್ದವನು ಸ್ವಲ್ಪ ಜಾಸ್ತಿ ತಿಂದ. ಆಮೇಲೆ ಅದೇ ಪ್ರಶ್ನೆ ಹೆಣ್ಣುಮಕ್ಕಳ ಶಾಲೆಯಲ್ಲಿ. ಒಂದು ಕೈಯೂ ಏಳಲಿಲ್ಲ. ಯಾಕೆ ಏಳಬೇಕು? ಅಲ್ಲಿ ಯಾರೂ ಹೊಡೆಯುವುದಿಲ್ಲವಲ್ಲ!

ಅದಕ್ಕೆ ಹಿಂದಿನ ತಿಂಗಳು, ಈ ೨೦೦೧ರ ದಸರಾದಲ್ಲಿ, ಏನಾಯಿತು ಕೇಳಿ. ತರಕಾರಿ ವ್ಯಾಪಾರದ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿಯಿಲ್ಲ. ಧನಲಕ್ಷ್ಮಿ ಹಟ ಹಿಡಿದು ಮೊದಲ ಸಲ ಕೂರಿಸಿದಳು, ಕ್ಲಾಸಿನವರನ್ನೆಲ್ಲ ಕರೆದಳು. ಬಂದ ಮಕ್ಕಳಿಗೆ ಹಂಚಲು ನನ್ನ ಹೆಂಡತಿ ಸಪ್ಪಲಮ್ಮ ಕೊಬ್ಬರಿ ಮಿಠಾಯಿ ಮಾಡಿದಳು. ರೇಷ್ಮೆ ಲಂಗಗಳ ದಂಡು ಶಂಕರಪುರಂನ ನಮ್ಮ ಬೀದಿಗೆ ಬಂತು. ಎದುರುಮನೆ ಶೈಲಜಮ್ಮನವರ ಗೊಂಬೆ ನೋಡಿತು, ಹಾಡು ಹೇಳಿತು, ಹೊರಬಂತು. ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದ ನಮ್ಮ ಹುಡುಗಿಯನ್ನು ದಾಟಿ ಹೋಯಿತು. ಕ್ಲಾಸ್ ಲೀಡರ್ ಯಶಶ್ರೀ ಮಾತ್ರ ತಿರುಗಿದಳು: “ರಾಜ ರಾಣಿ ಪಕ್ಕ ಬದ್ನೇಕಾಯಿ ಕೂರ್ಸಿದೀರೇನೇ?”

ಮಾರನೆಯ ದಿನ ಅದೇ ಯಶಶ್ರೀ, “ಬರ್ತಿದ್ವಿ ಕಣೇ, ನಿಮ್ಮನೆ ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ” ಅಂದಳಂತೆ. ಅಂದಿನಿಂದ ಇಡೀ ಕ್ಲಾಸು ನಮ್ಮ ಹುಡುಗಿಗೆ ಠೂ ಬಿಟ್ಟಿದೆ. ಅವಳು ಕೂತರೆ ಬೆಂಚು ಖಾಲಿ. ಈಗ ಅವಳು ಶಾಲೆಗೇ ಹೋಗುತ್ತಿಲ್ಲ.

“ಅವರು ಕೇಳಿದಾಗ ಕೈ ಯಾಕಮ್ಮ ಎತ್ಲಿಲ್ಲ?” ಅಂದೆ.

“ನನ್ನ ಯಾರೂ ಮುಟ್ಟೋದೂ ಇಲ್ಲ ತಾತ” ಅಂದಳು.

ಇದಕ್ಕೆ ನಿಮ್ಮಲ್ಲಿ ಅಳತೆಗೋಲಿಲ್ಲ, ನಾನು ಕೊಡುತ್ತೇನೆ. ನಿಮ್ಮ ಕಚೇರಿಯ ಕ್ಯಾಂಟೀನಿಗೆ ತರಕಾರಿ ಹಾಕುವವನು ನಾನೇ. ಅಲ್ಲಿ ಉಣ್ಣುವವರೆಲ್ಲ ನನ್ನ ದೋಸ್ತರು. ಸೋಮವಾರದಿಂದ ನೀವು ಕೂತ ಟೇಬಲ್ಲಿನಿಂದ ಎಲ್ಲರೂ ತಟ್ಟೆ ಎತ್ತಿಕೊಂಡು ಎದ್ದು ಹೋಗುತ್ತಾರೆ. ಕೇಳಿದರೆ, “ಅಯ್ಯೋ, ನೀವಿದ್ದಿದ್ದೇ ಗೊತ್ತಾಗ್ಲಿಲ್ಲ ಸಾರ್” ಅನ್ನುತ್ತಾರೆ. ಧನಲಕ್ಷ್ಮಿಯ ಅನುಮತಿಗೆ ಸಹಿ ಬೀಳುವವರೆಗೂ ಇದು ನಡೆಯುತ್ತದೆ. ಹೆದರಬೇಡಿ, ಯಾರೂ ನಿಮ್ಮನ್ನು ಹೊಡೆಯುವುದಿಲ್ಲ. ನೋವಾದರೆ ಕೈ ಎತ್ತಿ.

ಇಂತಿ,
ಯಾರೂ ಬಾರದೆ ಉಳಿದ ಕೊಬ್ಬರಿ ಮಿಠಾಯಿಯನ್ನು ಒಬ್ಬನೇ ತಿಂದು ಮುಗಿಸಿದ
ಅಶ್ವತ್ಥಪ್ಪ