ಮಿರ್ಜಾನದಲ್ಲಿ ಹೇಳಿ, ಮನೆಯಲ್ಲಿ ಹೇಳದ ಮಾತು

ಹೊಳನಗದ್ದೆಯ ದಿನಕರ ಅವರಿಗೆ,

ಸಂಸಾರ ಮಾಡಿದಷ್ಟು ವರ್ಷ ನಿಮ್ಮ ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯುವಾಗ ಕೈ ಒಂದಿಷ್ಟೂ ತಡೆಯಲಿಲ್ಲ. ಕ್ಷೇಮ ಸಮಾಚಾರ ಕೇಳುವುದಿಲ್ಲ. ನಿಮಗೆ ಭಟ್ಕಳದ ಕಡೆಯ ಹೆಣ್ಣು ಗೊತ್ತಾಗಿದೆ ಎಂದು ನಿಮ್ಮ ಪಕ್ಕದ ಮನೆಯ ಮಂಗಲಾ ಫೋನಿನಲ್ಲಿ ಹೇಳಿದಳು. ನಮ್ಮ ವಿಚ್ಛೇದನ ಮುಗಿದ ಮಾತು, ಮದುವೆ ನಿಮ್ಮ ಇಷ್ಟ. ಆದರೆ ಆ ಹುಡುಗಿ ಮನೆ ತುಂಬುವ ಮೊದಲು ನೀವು ಮಾಡಬೇಕಾದ ಕೆಲಸವೊಂದು ಬಾಕಿ ಇದೆ. ಅದಕ್ಕಾಗಿ ಮಿರ್ಜಾನದ ತವರಿನಿಂದ ಬರೆಯುತ್ತಿದ್ದೇನೆ.

ಹಿತ್ತಲಿನ ಟೊಮೆಟೊ ಸಾಲು ನೆನಪಿದೆಯಲ್ಲ? ಭತ್ತ ಕೊಯ್ದ ಗದ್ದೆಯಲ್ಲಿ ಊರವರೆಲ್ಲ ಹರಿವೆ, ಬದನೆ ಹಾಕಿಕೊಂಡು ಸುಮ್ಮನಿದ್ದರು. ಟೊಮೆಟೊ ನನ್ನ ಹಟ. ಇವತ್ತು ತರುತ್ತೇನೆ, ನಾಳೆ ತರುತ್ತೇನೆ ಎನ್ನುತ್ತ ಚಳಿ ಮುಗಿಯುವ ಹೊತ್ತಿಗೆ ಸಸಿ ತಂದುಕೊಟ್ಟಿರಿ. ಗಿಡವೇನೋ ಸೊಂಪಾಗಿ ಎದ್ದಿತು. ಹೂ ಬಿಡುವಾಗ ಮಾರ್ಚಿನ ಸೆಕೆ, ರಾತ್ರಿಯೂ ಮೈ ಆರದಂಥದ್ದು. ಬೆಳಿಗ್ಗೆ ಹೋಗಿ ನೋಡಿದರೆ ಹಳದಿ ಹೂಗಳು ತೊಟ್ಟಿನ ಗಂಟಿನಲ್ಲೇ ಕಳಚಿ ಬುಡದಲ್ಲಿ ಬಿದ್ದಿರುತ್ತಿದ್ದವು.

ನಿಮ್ಮ ಆಯಿ, ನನ್ನ ಅತ್ತೆ ತಿಮ್ಮಕ್ಕ, ಕಾರಣ ಹುಡುಕಲು ಹೆಚ್ಚು ದೂರ ಹೋಗಲಿಲ್ಲ. ಮುಟ್ಟಾದಾಗ ನಾನು ಗಿಡದ ಹತ್ತಿರ ಸುಳಿದಿದ್ದೇನೆ ಎಂದರು. ಆ ದಿನಗಳಲ್ಲಿ ನನ್ನ ಚಾಪೆ ಹೊರಗಿನ ಜಗಲಿಗೆ ಬರುತ್ತಿತ್ತು. ಈ ತಿಂಗಳೂ ಬಸಿರು ನಿಲ್ಲಲಿಲ್ಲ ಎನ್ನುವುದು ಹಾದಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತಿತ್ತು. ನಾನು ಹಿತ್ತಲಿಗೆ ಕಾಲಿಡದೆ ಜಗಲಿಯಲ್ಲೇ ಕುಳಿತಿದ್ದಾಗಲೂ ಹೂ ಉದುರಿದವು. ಅದನ್ನು ಲೆಕ್ಕಕ್ಕೆ ಹಿಡಿದವರಿಲ್ಲ. ನಾನು ನೀರು ಹೊಯ್ಯುವುದನ್ನೂ ಬಿಡಿಸಿ, ನೆಂಟರೆದುರು ಅವರು ಆಡಿದ ಮಾತು ಇನ್ನೂ ಕಿವಿಯಲ್ಲಿದೆ: “ಇವ್ಳ ಕೈಯಲ್ಲಿ ಎಂತದೂ ಕಾಯಿ ಕಟ್ಟೂದಿಲ್ಲ.”

ನೀವು ಅಲ್ಲೇ ಇದ್ದಿರಿ. ಬಿದ್ದ ಹೂವೊಂದನ್ನು ಹೆಕ್ಕಿ, ಉಗುರಿನಿಂದ ಸೀಳಿ ನೋಡಿ ಎಸೆದಿರಿ. ಆಮೇಲೆ ಚಹಾ ಕುಡಿದಿರಿ.

ಬೀಜದ ಕಂಪನಿಯಲ್ಲಿ ನಿಮ್ಮ ನೌಕರಿ, ರೈತರಿಗೆ ತಿಳಿಸಿ ಹೇಳುವುದೇ ಕೆಲಸ. ಅದೇ ವಾರ ಮಿರ್ಜಾನದಲ್ಲಿ ನಿಮ್ಮ ಸಭೆಯಿತ್ತು. ತವರಿಗೆ ಬಂದಿದ್ದ ನಾನು ಹಿಂದೆ ಹೆಂಗಸರ ನಡುವೆ ನಿಂತು ಕೇಳಿದೆ. ಎಷ್ಟು ಚೆನ್ನಾಗಿ ಹೇಳಿದಿರಿ. ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಹೂ ಉದುರಿಬಿಡುತ್ತದೆ, ಅಪ್ಪಿತಪ್ಪಿ ನಿಂತ ಕಾಯಿಯೂ ಸಣ್ಣದು, ಬೀಜವಿಲ್ಲದ್ದು ಎಂದಿರಿ. “ಹೂವಿನ ಹೆಣ್ಣು ಭಾಗ ಹೆಚ್ಚಾಗಿ ಸರಿಯೇ ಇರ್ತದೆ, ಸೋಲೂದು ಪರಾಗ.” ಕರಾವಳಿಯಲ್ಲಿ ಸಸಿ ನೆಡಲು ತಡ ಮಾಡಬೇಡಿ ಎಂದು ಬುದ್ಧಿವಾದವನ್ನೂ ಹೇಳಿದಿರಿ.

ಮನೆಗೆ ಬಂದು, ಇದನ್ನೇ ಆಯಿಗೂ ಹೇಳಿ ಎಂದು ನಿಮ್ಮ ಕೈ ಹಿಡಿದು ಕೇಳಿಕೊಂಡೆ. “ಆಯಿಗೆ ಬೇಜಾರಾಗ್ತದೆ, ನೀ ಸುಮ್ನಿರು,” ಎಂದಿರಿ. ಹೊನ್ನಾವರದ ಡಾಕ್ಟರು ನನ್ನನ್ನು ಪರೀಕ್ಷಿಸಿ, ನಿನಗೇನೂ ತೊಂದರೆಯಿಲ್ಲ, ಇನ್ನು ಗಂಡನನ್ನು ಕರೆದುಕೊಂಡು ಬಾ ಎಂದಾಗಲೂ ನಿಮ್ಮದು ಅದೇ ಉತ್ತರ. ನನ್ನ ಬೇಜಾರು ಆ ಮನೆಯಲ್ಲಿ ಯಾರಿಗೂ ಕಾಣಲೇ ಇಲ್ಲ. ನಿಮ್ಮ ಆಯಿಯ ಮೇಲೆ ಈಗ ನನಗೆ ಅಷ್ಟು ಸಿಟ್ಟಿಲ್ಲ, ಅವರಿಗೆ ಯಾರೂ ಕಲಿಸಲಿಲ್ಲ. ನೀವು ಕಲಿತಿದ್ದಿರಿ. ಊರೂರಿಗೆ ಕಲಿಸಿ ಸಂಬಳವನ್ನೂ ತೆಗೆದುಕೊಳ್ಳುತ್ತಿದ್ದಿರಿ. ನಿಮ್ಮ ಮೇಲಿನ ಸಿಟ್ಟು ನಾನು ಸಾಯುವವರೆಗೂ ಇಳಿಯುವಂತೆ ಕಾಣುವುದಿಲ್ಲ.

ಈ ಸಲ ಇಲ್ಲಿ ದೀಪಾವಳಿ ಕಳೆಯುತ್ತಲೇ ಸಸಿ ನೆಟ್ಟೆ. ಚಳಿಯಲ್ಲಿ ಹೂ ಬಿಟ್ಟು, ಗೊಂಚಲು ಗೊಂಚಲಾಗಿ ಕಾಯಿ ಹಿಡಿದವು. ಮುಟ್ಟಾದ ದಿನವೂ ನಾನೇ ನೀರು ಹೊಯ್ದೆ.

ಬಾಕಿ ಇರುವ ಕೆಲಸ ಇಷ್ಟೇ. ಹೊನ್ನಾವರಕ್ಕೆ ಹೋಗಿ ನಿಮ್ಮ ಪರೀಕ್ಷೆ ಮಾಡಿಸಿಕೊಳ್ಳಿ. ಏನೇ ತಿಳಿದುಬಂದರೂ ತಾಳಿ ಕಟ್ಟುವ ಮೊದಲು ಆ ಹುಡುಗಿಗೆ ಹೇಳಿ, ಆಯಿ ಎದುರಿಗೇ ಹೇಳಿ. ನೀವು ಹೇಳದಿದ್ದರೆ ನಾನೇ ಭಟ್ಕಳದ ಬಸ್ಸು ಹತ್ತುತ್ತೇನೆ. ಸುಮ್ಮನಿರುವುದನ್ನು ನಿಮ್ಮ ಜಗಲಿಯಲ್ಲೇ ಬಿಟ್ಟು ಬಂದಿದ್ದೇನೆ.

ಆ ಹುಡುಗಿ ಸುಖವಾಗಿರಲಿ, ಅವಳ ಚಾಪೆ ಯಾವತ್ತೂ ಹೊರಗೆ ಬಾರದಿರಲಿ. ನಿಮಗೆ ಹಾರೈಸಲು ನನ್ನಲ್ಲಿ ಏನೂ ಉಳಿದಿಲ್ಲ.

ಇನ್ನು ನಿಮ್ಮವಳಲ್ಲದ,
ವೀಣಾ