ಸತ್ತು

೪-೬-೧೯೫೬, ಬೆಳಗ್ಗೆ

ಇವತ್ತೂ ಶಾವಿಗೆ ಒತ್ತಿದೆ. ಈ ತಮಿಳು ಸೀಮೆಯವರು ಸಂದಗೆ ಅಂತಾರೆ. ಬರೀ ಅಕ್ಕಿ. ಬೇಳೆ, ಸೊಪ್ಪು ಗಂಡಸರ ತಟ್ಟೆಗೆ, ನನಗೆ ಖಾಲಿ ಎಳೆ. ಬಸುರಿ ಜಾಸ್ತಿ ತಿಂದರೆ ಕೂಸು ದಪ್ಪಗಾಗಿ ಹೆರಿಗೆಯಲ್ಲಿ ಸಿಕ್ಕಿಕೊಳ್ಳುತ್ತದಂತೆ. ಅತ್ತೆ ಸೆಲ್ಲಮ್ಮನವರ ಶಾಸ್ತ್ರ. ಏಳು ತಿಂಗಳು ನನಗೆ. ಕಣ್ಣು ಕತ್ತಲೆ ಬಂದು ತಪ್ಪಲೆ ಚೆಲ್ಲಿದೆ. ಮಿಲ್ಲಿಗೆ ಹೊರಟಿದ್ದ ಇವರು ವಾಪಸು ಬಂದು ಕೆನ್ನೆಗೆ ಬಾರಿಸಿದರು.

ಈ ಪುಸ್ತಕ ಬಚ್ಚಿಡಬೇಕಿಲ್ಲ. ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಒಬ್ಬರಿಗೂ ಬಾರದು.

೯-೬

ಪಕ್ಕದ ಮನೆ ಪಾಪಾತಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಆಕೆ ಹೊಟ್ಟೆ ಮುಟ್ಟಿ ನೋಡಿ ಪಾಪಾತಿಗೆ ಹೇಳಿದರು: “ಸತ್ತು ಪೋದಾದು.”

ಸತ್ತು ಹೋದದ್ದು! ನೆಲಕ್ಕೆ ಬಿದ್ದು ಗೋಳಾಡಿದೆ. ಪಾಪಾತಿ ಮೊದಲು ಗಾಬರಿಯಾದಳು, ಆಮೇಲೆ ನಕ್ಕಳು. ತಮಿಳಿನಲ್ಲಿ ಸತ್ತು ಅಂದರೆ ಊಟದ ಸಾರ. ಪೋದಾದು ಅಂದರೆ ಸಾಲದು. ಹಾಳು ದೊಡ್ಡಬಳ್ಳಾಪುರದ ಕಿವಿ ನನ್ನದು.

ಕೂಸು ಬದುಕಿದೆ, ತೀರಾ ಸಣ್ಣದು. ಶಾವಿಗೆ ಬಿಡಬೇಕಿಲ್ಲ, ಜೊತೆಗೆ ಬೇಳೆ, ಸೊಪ್ಪು, ಕಡಲೆಕಾಯಿ, ಮೊಸರು ಬೇಕೇ ಬೇಕಂತೆ. ಇಲ್ಲದಿದ್ದರೆ ಕೂಸು ಉಳಿಯುವುದು ಕಷ್ಟ ಅಂದರು.

೧೧-೬

ಶಾವಿಗೆಗೆ ಬೇಳೆ, ಸೊಪ್ಪು ಕಲಸಿ ತಿಂದೆ. ಡಾಕ್ಟರಮ್ಮ ಹೇಳಿದ್ದನ್ನೂ ಹೇಳಿದೆ. ಅತ್ತೆ ತಮ್ಮ ಮಗನ ಕಿವಿ ಊದಿದರು. ಇವರು ಜಡೆ ಹಿಡಿದು ಎಳೆದರು. ಬಲಗೈಯನ್ನು ಶಾವಿಗೆ ಒರಳಿಗೆ ತುರುಕಿ, ಮೇಲಿನ ಕಬ್ಬಿಣದ ಹಿಡಿ ಒತ್ತಿದರು.

“ಸತ್ತು ಬೇಕಾ ನಿಂಗೆ? ಸತ್ತು ಹೋಗು.”

ಎರಡೂ ಭಾಷೆ ಬಲ್ಲವರ ಜಾಣತನ. ಕೆಳಗೆ ರಕ್ತ ಎಳೆ ಎಳೆಯಾಗಿ ಇಳಿಯಿತು...

೨೯-೬

ಎಡಗೈ ಬರಹ, ಸೊಟ್ಟ. ಹನ್ನೊಂದರದ್ದನ್ನೂ ಇವತ್ತೇ ಬರೆದದ್ದು. ಎರಡು ಬೆರಳು ಹೋದವು. ಶಾವಿಗೆ ಒತ್ತುವಾಗ ಕೈ ಒರಳಿಗೆ ಸಿಕ್ಕಿತು ಅಂತ ಊರಿಗೆಲ್ಲ ಹೇಳಿದ್ದಾರೆ. ಕೂಸು ಒದೆಯುತ್ತದೆ — ಮೆತ್ತಗೆ. ನಿನ್ನೆಗಿಂತ ಮೆತ್ತಗೆ. ಭಯವಾಗುತ್ತದೆ.

೩೦-೬, ಮಧ್ಯಾಹ್ನ

ಅತ್ತೆ ನೀರಿಗೆ ಹೋಗಿದ್ದರು. ಬಟ್ಟಲು ತುಂಬ ಶಾವಿಗೆ, ಬೇಳೆ, ನುಗ್ಗೆಸೊಪ್ಪು ಹಾಕಿಕೊಂಡು ಕೂತೆ. ಅವನು ಬಂದ. ಗಂಡನನ್ನು ಇನ್ನು ‘ಇವರು’ ಅನ್ನಲಾರೆ. ಬಟ್ಟಲನ್ನಲ್ಲ, ಹೊಟ್ಟೆಯನ್ನು ನೋಡಿ ಕಾಲೆತ್ತಿದ.

ಒರಳಿನ ಹಿಡಿ ಕೈಗೆ ಸಿಕ್ಕಿತು. ಎಡಗೈಯಲ್ಲೂ ಬಲವಿತ್ತು. ಮಂಡಿಗೆ ಒಂದು. ಬಿದ್ದ ಮೇಲೆ ತಲೆಗೆ ಇನ್ನೊಂದು. ಅದು ಬೇಕಿರಲಿಲ್ಲ, ಆದರೂ ಹೊಡೆದೆ.

ಹೊಸಿಲ ಹತ್ತಿರ ಬಿದ್ದಿದ್ದಾನೆ. ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಸತ್ತಿಲ್ಲ. ಪಾಪಾತಿಯನ್ನು ಕೂಗಿ ಕರೆದಿದ್ದೇನೆ, ಗಾಡಿ ತರಲು ಓಡಿದ್ದಾಳೆ. ನನಗೋ ಅವನಿಗೋ, ಕೇಳಲಿಲ್ಲ.

ಅತ್ತೆ ಬಂದರು. ಬಾಗಿಲು ಬಡಿಯುತ್ತಿದ್ದಾರೆ. ಚಿಲಕ ಹಾಕಿದ್ದೇನೆ. ಬಟ್ಟಲಲ್ಲಿ ಇನ್ನೂ ನಾಲ್ಕು ತುತ್ತು ಇದೆ. ತಿಂದೇ ಬಾಗಿಲು ತೆಗೆಯು—